ಅಡವಿಟ್ಟು 600 ಬೇಡ, 250 ಸಾಕು

ಭತ್ತದ ರೊಕ್ಕ ಕೈಗೆ ಬರುವ ಹೊತ್ತಿಗೆ ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆಯ ಹುಡುಗರು ನಮಗೆ ಕೇಳುವ ಪ್ರಶ್ನೆ ಒಂದೇ: "ಅಣ್ಣಾ, ಕ್ಯಾಮೆರಾ ಐತಿ. ದೂರದ್ದು ತೆಗಿಯಾಕ ಯಾವ ಲೆನ್ಸ್ ತಗೊಳ್ಳಲಿ?" ಕೇಳುವವರಲ್ಲಿ ಮದುವೆ ಫೋಟೊ ತೆಗೆಯುವವರಿದ್ದಾರೆ, ಶಾಲಾ ಮಾಸ್ತರರಿದ್ದಾರೆ, ನಮ್ಮಂತೆ ಪತ್ರಿಕೆಗೆ ಸುದ್ದಿ ಕಳಿಸುವವರೂ ಇದ್ದಾರೆ. ಮಗಳ ಗ್ಯಾದರಿಂಗ್ ಫೋಟೊ ಬೇಕು, ಕಾಲುವೆ ದಂಡೆಯ ಮಿಂಚುಳ್ಳಿಯೂ ಬೇಕು. ಅಷ್ಟರಲ್ಲಿ ಯೂಟ್ಯೂಬಿನಲ್ಲಿ ಯಾರೋ ಹೇಳಿರುತ್ತಾರೆ, 600 ಎಂಎಂ ಇಲ್ಲದೆ ವನ್ಯಜೀವಿ ಫೋಟೊ ಆಗುವುದೇ ಇಲ್ಲ ಎಂದು. ಅಲ್ಲಿಗೆ ಮನೆಯವರ ಬಂಗಾರ ಅಡವಿಡುವ ಮಾತು ಶುರುವಾಗುತ್ತದೆ.

ನಮ್ಮ ಅಭಿಪ್ರಾಯ ನೇರವಾಗಿ ಹೇಳುತ್ತೇವೆ. ಫೋಟೊದಿಂದಲೇ ಹೊಟ್ಟೆ ಹೊರೆಯದವರು ಲಕ್ಷದ ಆಸುಪಾಸಿನ ಲೆನ್ಸಿಗೆ ಸಾಲ ಮಾಡಬಾರದು. ಕೈನಡುಕ ತಡೆಯುವ ಸೌಲಭ್ಯ ಇರುವ 250 ಅಥವಾ 300 ಎಂಎಂ ಜೂಮ್ ಸಾಕು. ಸೆಕೆಂಡ್ ಹ್ಯಾಂಡ್ ಸಿಕ್ಕರೆ ಇನ್ನೂ ಒಳ್ಳೆಯದು.

ಮೊದಲು ಲೆಕ್ಕ ನೋಡಿ. ನಮ್ಮ ಕಡೆ ಬಹುತೇಕರ ಕೈಯಲ್ಲಿರುವುದು ಕೆನಾನ್ 1500ಡಿ, 200ಡಿ ಅಥವಾ ನಿಕಾನ್ ಡಿ3500, ಡಿ5600ರಂಥ ಕ್ಯಾಮೆರಾ. ಇವುಗಳ ಸೆನ್ಸರ್ ಚಿಕ್ಕದು. ಹಾಗಾಗಿ ಕೆನಾನ್‌ನಲ್ಲಿ 250ರ ಲೆನ್ಸ್ ದೊಡ್ಡ ಸೆನ್ಸರಿನ ಕ್ಯಾಮೆರಾದಲ್ಲಿ 400 ಕಂಡಂತೆ ಕಾಣುತ್ತದೆ, ನಿಕಾನ್‌ನಲ್ಲಿ 300 ಇದ್ದದ್ದು 450ರಂತೆ. 24 ಮೆಗಾಪಿಕ್ಸೆಲ್ ಚಿತ್ರವನ್ನು ಅಗಲ, ಎತ್ತರ ಎರಡರಲ್ಲೂ ಅರ್ಧಕ್ಕೆ ಕತ್ತರಿಸಿದರೂ 6 ಮೆಗಾಪಿಕ್ಸೆಲ್ ಉಳಿಯುತ್ತದೆ. ಪತ್ರಿಕೆಯ ಮೂರು ಕಾಲಂ ಚಿತ್ರಕ್ಕೂ ವಾಟ್ಸ್‌ಆ್ಯಪಿಗೂ ಅದು ಧಾರಾಳ ಸಾಕು.

ಕೆನಾನ್ ಇದ್ದವರು ಇಎಫ್-ಎಸ್ 55-250 ಐಎಸ್ ಎಸ್‌ಟಿಎಂ ಹುಡುಕಿ. ತೂಕ 375 ಗ್ರಾಂ. ನಿಕಾನ್ ಇದ್ದವರು ಎಎಫ್-ಪಿ ಡಿಎಕ್ಸ್ 70-300 ವಿಆರ್ ಹುಡುಕಿ, 415 ಗ್ರಾಂ. ಸಿಗ್ಮಾ, ಟ್ಯಾಮ್ರಾನ್ ಕಂಪನಿಗಳ 150-600 ಲೆನ್ಸುಗಳು ಹತ್ತಿರ ಹತ್ತಿರ 2 ಕಿಲೊ ತೂಗುತ್ತವೆ. ಬೈಕಿನಲ್ಲಿ ಹೊಲದ ದಾರಿ ಹಿಡಿಯುವವನಿಗೆ ಈ ವ್ಯತ್ಯಾಸ ಸಣ್ಣದಲ್ಲ. ಮಿರರ್‌ಲೆಸ್ ಇದ್ದವರಿಗೆ ಕೆನಾನ್ ಆರ್‌ಎಫ್-ಎಸ್ 55-210, ನಿಕಾನ್ ಜೆಡ್ 50-250 ಇವೆ.

ಇಲ್ಲಿ ಮೋಸ ಹೋಗುವ ಜಾಗಗಳೂ ಇವೆ. ಕೆನಾನ್ 75-300 ಅಗ್ಗವಾಗಿ ಸಿಗುತ್ತದೆ, 300 ಎಂದು ಬರೆದಿರುವುದರಿಂದ 250ಕ್ಕಿಂತ ದೊಡ್ಡದು ಅನ್ನಿಸುತ್ತದೆ. ಆದರೆ ಅದರಲ್ಲಿ ಕೈನಡುಕ ತಡೆಯುವ ಐಎಸ್ ಇಲ್ಲ. ನಿಕಾನ್ 70-300ರಲ್ಲೂ ವಿಆರ್ ಇಲ್ಲದ ಮಾದರಿ ಇದೆ. ಹೆಸರಿನಲ್ಲಿ ಆ ಎರಡು ಅಕ್ಷರ ಇವೆಯೇ ಎಂದು ಓದಿ ನೋಡಿ, ಇಲ್ಲದಿದ್ದರೆ ಬಿಟ್ಟುಬಿಡಿ. ಎಎಫ್-ಪಿ ಲೆನ್ಸುಗಳು ಡಿ3100, ಡಿ90ರಂಥ ಹಳೆಯ ಕ್ಯಾಮೆರಾಗಳಲ್ಲಿ ಫೋಕಸ್ ಮಾಡುವುದಿಲ್ಲ. ಅಂಥವರು ಎಎಫ್-ಎಸ್ 55-200 ವಿಆರ್ ಅಥವಾ 55-300 ವಿಆರ್ ನೋಡಬೇಕು.

ಮನೆಯ ಫೋಟೊ ವಿಷಯದಲ್ಲಿ ಒಂದು ಮಾತು. ಹಗಲು ಜಾತ್ರೆ, ತೇರು, ಓಟದ ಪಂದ್ಯ, ಹೊಲದಲ್ಲಿ ನಾಟಿ ಮಾಡುವ ಅವ್ವ, ಇವಕ್ಕೆಲ್ಲ ಈ ಜೂಮ್ ಬಹಳ ಚಂದ. ದೂರ ನಿಂತರೆ ಮಂದಿ ಕ್ಯಾಮೆರಾ ಮರೆಯುತ್ತಾರೆ, ಮುಖ ಸಹಜವಾಗಿ ಬರುತ್ತದೆ. ಆದರೆ ರಾತ್ರಿ ಗ್ಯಾದರಿಂಗಿನಲ್ಲಿ, ಕಲ್ಯಾಣ ಮಂಟಪದೊಳಗೆ ಇದು ಸೋಲುತ್ತದೆ. ಐಎಸ್ ನಿಮ್ಮ ಕೈ ನಡುಕ ತಡೆಯುತ್ತದೆಯೇ ಹೊರತು ಕುಣಿಯುವ ಮಗುವನ್ನು ನಿಲ್ಲಿಸುವುದಿಲ್ಲ. ಆ ಕೆಲಸಕ್ಕೆ 50 ಎಂಎಂ, ಎಫ್ 1.8 ಎಂಬ ಸಣ್ಣ ಲೆನ್ಸ್ ಇದೆ. ಎಫ್ 5.6ರ ಜೂಮಿಗಿಂತ ಸುಮಾರು 10 ಪಟ್ಟು ಹೆಚ್ಚು ಬೆಳಕು ಒಳಗೆ ಬಿಡುತ್ತದೆ. ಒಂದು 600ರ ದುಡ್ಡಿನಲ್ಲಿ ಇವೆರಡನ್ನೂ ಕೊಂಡು, ಮಕ್ಕಳ ಫೀಸೂ ಕಟ್ಟಬಹುದು.

ಇನ್ನು ವನ್ಯಜೀವಿ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿಯುವ ಗದ್ದೆಗಳಲ್ಲಿ ಬೆಳ್ಳಕ್ಕಿಗಳು ಟ್ರ್ಯಾಕ್ಟರಿನ ಹಿಂದೆಯೇ ನಡೆಯುತ್ತವೆ. ಅವಕ್ಕೆ 250 ಕೂಡ ಹೆಚ್ಚಾಯಿತು. ಮಿಂಚುಳ್ಳಿ ದಿನಾ ಅದೇ ತಂತಿಗೆ ಬಂದು ಕೂರುತ್ತದೆ, ನೀವು ಮೊದಲೇ ಹೋಗಿ ಸುಮ್ಮನೆ ಕುಳಿತರೆ ಸಾಕು. ಎರೆ ಹೊಲದ ಚಿಗರಿ ಮಾತ್ರ ದೂರ ನಿಲ್ಲುತ್ತದೆ. ಅದನ್ನು ಹೊಲದ ಸಮೇತ ತೆಗೆಯಿರಿ. ಬರೀ ಕೊಂಬು, ಮುಖ ತುಂಬಿದ ಚಿತ್ರಕ್ಕಿಂತ ಜೋಳದ ಹೊಲ, ಆಕಾಶ, ಚಿಗರಿ ಮೂರೂ ಇರುವ ಚಿತ್ರ ನಮ್ಮ ಸೀಮೆಯದು ಎಂದು ಗುರುತು ಹೇಳುತ್ತದೆ.

600ರ ಪರ ವಾದಿಸುವವರ ಮಾತಿನಲ್ಲಿ ಸತ್ಯ ಇಲ್ಲವೆಂದಲ್ಲ. ದರೋಜಿ ಕರಡಿಧಾಮದ ವೀಕ್ಷಣಾ ಗೋಪುರದಿಂದ ಕರಡಿ ತೆಗೆಯುವಾಗ, ಮಾಗಡಿ ಕೆರೆಯ ನಡುವಿನ ಪಟ್ಟೆತಲೆ ಹೆಬ್ಬಾತು ತೆಗೆಯುವಾಗ 250 ಸಾಲದು ಅನ್ನಿಸುತ್ತದೆ. ಆದರೆ ವರ್ಷಕ್ಕೆ ಎಷ್ಟು ದಿನ ಅಲ್ಲಿಗೆ ಹೋಗುತ್ತೀರಿ? ಬೆಂಗಳೂರಿನಂಥ ಊರುಗಳಲ್ಲಿ ದೊಡ್ಡ ಲೆನ್ಸ್ ದಿನದ ಬಾಡಿಗೆಗೆ ಸಿಗುತ್ತದೆ. ನಾಲ್ವರು ಗೆಳೆಯರು ಸೇರಿ ಎರಡು ದಿನಕ್ಕೆ ತಂದರಾಯಿತು.

ಇನ್ನೊಂದು ಸಂಗತಿಯನ್ನು ಅಂಗಡಿಯವರು ಹೇಳುವುದಿಲ್ಲ. ರಾಯಚೂರು ಜಿಲ್ಲೆಯ ಬಿಸಿಲಿನಲ್ಲಿ ಹತ್ತು ಗಂಟೆಯ ನಂತರ ನೆಲದ ಮೇಲೆ ಗಾಳಿ ಕುದಿಯುತ್ತಿರುತ್ತದೆ. ಬಿಸಿಲುಗುದುರೆ ಕಾಣುವ ಹೊತ್ತಿನಲ್ಲಿ ದೂರದ ಚಿತ್ರ ನೀರಿನೊಳಗಿನ ಚಿತ್ರದಂತೆ ಕಲಕುತ್ತದೆ. ಲಕ್ಷದ ಲೆನ್ಸೂ ಇದನ್ನು ಸರಿಮಾಡದು. ನಸುಕಿನಲ್ಲಿ ಏಳುವುದು, ಹತ್ತಿರಕ್ಕೆ ಬರುವ ತನಕ ಕಾಯುವುದು, ಇವೇ ಮದ್ದು. ಸಂಡೂರಿನ ಎಂ.ವೈ. ಘೋರ್ಪಡೆಯವರು ಫಿಲ್ಮಿನ ಕಾಲದಲ್ಲಿ ಕಪ್ಪು ಬಿಳುಪಿನಲ್ಲಿ ಕಾಡುಪ್ರಾಣಿಗಳನ್ನು ತೆಗೆದು ಹೆಸರಾದರು. ಇಂದು ನಿಮ್ಮ ಕೈಯಲ್ಲಿರುವ ಡಿಜಿಟಲ್ ಸೌಕರ್ಯ ಅವರಿಗಿರಲಿಲ್ಲ.

ಲೆನ್ಸ್ ಚಿಕ್ಕದೆಂದು ಬೈಕಿನಲ್ಲಿ ಚಿಗರಿಯ ಬೆನ್ನಟ್ಟುವವರನ್ನು, ಗೂಡಿನ ಮುಂದಿನ ಟೊಂಗೆ ಮುರಿಯುವವರನ್ನು ನಾವು ಕಂಡಿದ್ದೇವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕಾಡುಹಕ್ಕಿಯ ಗೂಡು, ಮೊಟ್ಟೆಗೆ ತೊಂದರೆ ಕೊಡುವುದೂ ಬೇಟೆಯ ವ್ಯಾಖ್ಯೆಯೊಳಗೆ ಬರುತ್ತದೆ. ಪ್ರಾಣಿ ತಲೆ ಎತ್ತಿ ನಿಮ್ಮನ್ನೇ ನೋಡಿತೆಂದರೆ ಅದಕ್ಕಿಂತ ಮುಂದೆ ಹೋಗಬೇಡಿ. ಚಿತ್ರ ಸಣ್ಣದಾಗಿ ಬಂದರೂ ಪರವಾಗಿಲ್ಲ.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಕೆಲವು ಪರೀಕ್ಷೆ ಮಾಡಿ. ನಿಮ್ಮ ಕ್ಯಾಮೆರಾ ಜೊತೆಗೇ ಒಯ್ಯಿರಿ. ಲೆನ್ಸಿನ ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟು ಒಳಗೆ ನೋಡಿ, ಜೇಡರ ಬಲೆಯಂತೆ ಕಂಡರೆ ಅದು ಬೂಷ್ಟು, ಬೇಡ ಅನ್ನಿ. ಪೂರ್ತಿ ಜೂಮ್ ಮಾಡಿ ಹತ್ತಾರು ಚಿತ್ರ ತೆಗೆದು ಪರದೆಯಲ್ಲಿ ದೊಡ್ಡದು ಮಾಡಿ ನೋಡಿ. ಐಎಸ್ ಆನ್ ಮಾಡಿ ಒಮ್ಮೆ, ಆಫ್ ಮಾಡಿ ಒಮ್ಮೆ ತೆಗೆದರೆ ವ್ಯತ್ಯಾಸ ಕಾಣಬೇಕು. ಬಿಲ್ಲಿನ ಮೇಲಿನ ನಂಬರೂ ಲೆನ್ಸಿನ ಮೇಲಿನ ನಂಬರೂ ಒಂದೇ ಇರಲಿ. ನೋಡದೆ ಮುಂಗಡ ಹಣ ಫೋನ್‌ಪೇ ಮಾಡಬೇಡಿ. ದರ ದಿನಕ್ಕೊಂದು ಇರುವುದರಿಂದ ಮೂರು ಕಡೆ ವಿಚಾರಿಸಿ.

ತಂದ ಮೇಲೆ ಟ್ರಂಕಿನಲ್ಲಿ ಬಟ್ಟೆ ಸುತ್ತಿ ಇಡಬೇಡಿ. ಗದ್ದೆ ಸೀಮೆಯ ತೇವಕ್ಕೆ ಬೂಷ್ಟು ಹಿಡಿಯುವುದು ಬೇಗ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪುಡಿಕೆ ಹಾಕಿ ಇಡಿ. ಎರೆ ಮಣ್ಣಿನ ಧೂಳು ಕೂತರೆ ಅಂಗಿಯ ತುದಿಯಿಂದ ಒರೆಸದೆ ಮೊದಲು ಊದುಬುರುಡೆಯಿಂದ ಊದಿ.

ಉಳಿದ ದುಡ್ಡು ಮನೆಯಲ್ಲಿರಲಿ, ಬಂಗಾರ ಅವರ ಕೊರಳಲ್ಲೇ ಇರಲಿ. ಒಂದು ವರ್ಷ 250ರಲ್ಲಿ ತೆಗೆಯಿರಿ. ಆ ಮೇಲೂ ಸಾಲದು ಅನ್ನಿಸಿದರೆ, ಎಲ್ಲಿ, ಯಾವ ಹಕ್ಕಿಗೆ ಸಾಲದಾಯಿತು ಎಂದು ಹೇಳಲು ನಿಮ್ಮ ಬಳಿ ಚಿತ್ರಗಳಿರುತ್ತವೆ. ಆಗ ಕೇಳಿ, 600ರ ಮಾತು ಆಡೋಣ.