ತಕ್ಕಡಿ ಹಿಡಿದವರ ಮತಯಾಚನೆ

ಕಳೆದ ಶ್ರಾವಣದ ಒಂದು ಸಂಜೆ ನಮ್ಮ ಊರಿನ ವರ್ತಕರೊಬ್ಬರು ಸಪತ್ನೀಕರಾಗಿ ನಮ್ಮ ಮನೆಗೆ ದಯಮಾಡಿಸಿದ್ದರು. ಇಪ್ಪತ್ತೆಂಟು ವರ್ಷಗಳಿಂದ ಕಿರಾಣಿ ಅಂಗಡಿಯನ್ನು ನಡೆಸಿಕೊಂಡು ಬಂದವರು. ಅವರ ತೂಕದಲ್ಲಿ ಗುಂಜಿಯಷ್ಟೂ ವ್ಯತ್ಯಾಸವಿರದೆಂಬುದು ಊರಿನ ಮಾತು. ಕುಶಲಪ್ರಶ್ನೆಗಳಾದ ಮೇಲೆ ಅವರು ಕೈಮುಗಿದು, "ಗುರುಗಳೇ, ಮುಂಬರುವ ವಿಧಾನಸಭೆಯ ಚುನಾವಣೆಗೆ ಪಕ್ಷೇತರನಾಗಿ ನಿಲ್ಲಬೇಕೆಂದಿದ್ದೇನೆ. ನಮ್ಮ ಸಮಾಜದವರಿಗೆ ತಾವು ಒಂದು ಮಾತು ಹೇಳಬೇಕು" ಎಂದರು. ಅಷ್ಟು ಹೊತ್ತೂ ತಲೆ ತಗ್ಗಿಸಿ ಕುಳಿತಿದ್ದ ಅವರ ಧರ್ಮಪತ್ನಿಯವರು ಮೆಲ್ಲನೆ, "ಅಂಗಡಿಯನ್ನು ಒತ್ತೆಯಿಡುವ ಮಾತೂ ನಡೆದಿದೆ. ಅದನ್ನೂ ಗುರುಗಳಿಗೆ ಹೇಳಿರಿ" ಎಂದರು.

ಒಂದು ಸಂಸಾರದ ಅನ್ನ ಹಾಗೂ ಒಬ್ಬ ಸಜ್ಜನನ ಹಂಬಲ, ಎರಡೂ ಒಂದೇ ತಕ್ಕಡಿಯ ಎರಡು ತಟ್ಟೆಗಳಲ್ಲಿ ಕುಳಿತಂತೆ ನನಗೆ ತೋರಿತು. ಇಂಥ ಪ್ರಶ್ನೆ ನಮ್ಮ ಅನೇಕ ಮನೆಗಳಲ್ಲಿ ಏಳುವುದುಂಟಾದ್ದರಿಂದ, ಅಂದು ನಡೆದ ಮಾತನ್ನು ಈ ತಿಂಗಳ ಪುಟದಲ್ಲಿ ಓದುಗ ಬಂಧುಗಳೊಡನೆ ಹಂಚಿಕೊಳ್ಳುತ್ತಿದ್ದೇನೆ.

ಅಂಗಡಿಯವನಿಗೆ ರಾಜಕಾರಣವೇಕೆ ಎನ್ನುವವರಿದ್ದಾರೆ. ಆ ಮಾತನ್ನು ನಾನು ಒಪ್ಪಲಾರೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಅನುಭಾವ ಗೋಷ್ಠಿಗೆ ಕುಳಿತವರು ಹಗ್ಗ ಹೊಸೆಯುವವರು, ದೋಣಿ ನಡೆಸುವವರು, ಬಟ್ಟೆ ಒಗೆಯುವವರು. ಬಸವಣ್ಣನವರೇ ಬಿಜ್ಜಳನ ಭಂಡಾರದ ಲೆಕ್ಕ ನೋಡಿದವರು. ನಮ್ಮ ಸಂವಿಧಾನವೂ ವಿಧಾನಸಭೆಯ ಅಭ್ಯರ್ಥಿಗೆ ಕುಲವನ್ನಾಗಲಿ ಸಿರಿಯನ್ನಾಗಲಿ ಕೇಳಿಲ್ಲ; ರಾಜ್ಯದ ಮತದಾರನಾಗಿರಬೇಕು, 25 ವರ್ಷ ತುಂಬಿರಬೇಕು. ಮಳೆ ತಪ್ಪಿದ ವರ್ಷ ಯಾವ ಮನೆಯವರು ಬೇಳೆಯನ್ನು ಅರ್ಧಕ್ಕೆ ಇಳಿಸಿದರೆಂಬುದು ಅಂಗಡಿಯವರಿಗೆ ತಿಳಿದಷ್ಟು ಅಧಿಕಾರಿಗಳಿಗೆ ತಿಳಿಯದು. ಆ ಅರಿವು ವಿಧಾನಸೌಧಕ್ಕೆ ಹೋಗುವುದಾದರೆ ಒಳ್ಳೆಯದೇ.

ಆದರೆ ಹಂಬಲಕ್ಕೆ ಮೊದಲು ಲೆಕ್ಕ ಬೇಕು. 2023ರ ಮೇ ತಿಂಗಳಿನ ಚುನಾವಣೆಯಲ್ಲಿ ನಮ್ಮ ರಾಜ್ಯದ 224 ಸ್ಥಾನಗಳ ಪೈಕಿ ಪಕ್ಷೇತರರಾಗಿ ಗೆದ್ದವರು ಇಬ್ಬರು ಮಾತ್ರ. ಪಕ್ಷೇತರರ ನಾಮಪತ್ರಕ್ಕೆ ಆ ಕ್ಷೇತ್ರದ ಹತ್ತು ಮಂದಿ ಮತದಾರರು ಸೂಚಕರಾಗಿ ಸಹಿ ಹಾಕಬೇಕು. 10,000 ರೂಪಾಯಿ ಠೇವಣಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಅದರ ಅರ್ಧ. ಗೆಲ್ಲದವರಿಗೆ ಸಿಂಧುವಾದ ಮತಗಳ ಆರನೆಯ ಒಂದು ಭಾಗಕ್ಕಿಂತ ಹೆಚ್ಚು ಬೀಳದಿದ್ದರೆ ಆ ಹಣ ಮರಳಿ ಬರುವುದಿಲ್ಲ. ಅಭ್ಯರ್ಥಿಯ ವೆಚ್ಚದ ಮಿತಿಯನ್ನು 2022ರ ಜನವರಿಯಲ್ಲಿ 40 ಲಕ್ಷ ರೂಪಾಯಿಗೆ ಏರಿಸಲಾಯಿತು. ನಮ್ಮ ವರ್ತಕರು ಆ ಅಂಕಿಯನ್ನು ಕೇಳಿಯೇ ಅಂಗಡಿಯನ್ನು ಒತ್ತೆಯಿಡಲು ಹೊರಟಿದ್ದರು. ನಾನೆಂದೆ: "ಅದು ಕಾನೂನು ಹಾಕಿದ ಬೇಲಿ. ಬೇಲಿಯವರೆಗೂ ಓಡಲೇಬೇಕೆಂದು ಯಾರೂ ಹೇಳಿಲ್ಲ. ಆಯ್ದಕ್ಕಿ ಲಕ್ಕಮ್ಮನನ್ನು ನೆನೆಯಿರಿ." ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಮನೆಗೆ ಬಂದಾಗ ಅದನ್ನು ತಂದಲ್ಲಿಯೇ ಸುರಿದು ಬರುವಂತೆ ಮಾರಯ್ಯನಿಗೆ ಹೇಳಿದ ಆ ತಾಯಿಯ ಕಥೆಯನ್ನು ಇಲ್ಲಿ ವಿವರಿಸಬೇಕಾಗಿಲ್ಲ. ಒತ್ತೆಯಿಟ್ಟ ಹಣದಿಂದ ಗೆದ್ದವರು ಮೊದಲು ಒತ್ತೆ ಬಿಡಿಸಿಕೊಳ್ಳಲು ನೋಡುತ್ತಾರೆ. ಊರಿನ ಕೆಲಸ ಆಮೇಲಿನದಾಗುತ್ತದೆ.

ಮಾತಿನ ನಡುವೆ ಮತ್ತೊಂದು ಸಂಗತಿ ಹೊರಬಿತ್ತು. ಅವರು ಸರ್ಕಾರಿ ವಿದ್ಯಾರ್ಥಿನಿಲಯವೊಂದಕ್ಕೆ ಕರಾರಿನ ಮೇರೆಗೆ ದವಸ ಒದಗಿಸುತ್ತಿದ್ದಾರೆ. ರಾಜ್ಯ ಸರ್ಕಾರಕ್ಕೆ ಸರಕು ಒದಗಿಸುವ ಇಂಥ ಕರಾರು ಜಾರಿಯಲ್ಲಿರುವ ವರ್ತಕನು ವಿಧಾನಸಭೆಯ ಅಭ್ಯರ್ಥಿಯಾಗಲು ಅನರ್ಹನೆಂದು 1951ರ ಪ್ರಜಾಪ್ರಾತಿನಿಧ್ಯ ಕಾಯಿದೆಯ 9ಎ ಕಲಮು ಹೇಳುತ್ತದೆ. ತನ್ನ ಪಾಲಿನ ಸರಕನ್ನು ಪೂರ್ತಿಯಾಗಿ ಒದಗಿಸಿ ಮುಗಿಸಿದ್ದು, ಸರ್ಕಾರದಿಂದ ಹಣ ಬರುವುದಷ್ಟೇ ಬಾಕಿಯಿದ್ದರೆ ಆ ಕಾರಣಕ್ಕಾಗಿ ದೋಷವಿಲ್ಲ. ಅನೇಕ ಸಣ್ಣ ವರ್ತಕರೂ ಗುತ್ತಿಗೆದಾರರೂ ಇದನ್ನು ತಿಳಿಯದೆ ನಾಮಪತ್ರಕ್ಕೆ ಧಾವಿಸುತ್ತಾರೆ. ಮೊದಲು ಒಬ್ಬ ನ್ಯಾಯವಾದಿಗಳಿಗೆ ಕಾಗದಪತ್ರಗಳನ್ನು ತೋರಿಸುವುದು ಲೇಸು.

ಇನ್ನು ಉದ್ರಿ ಪುಸ್ತಕ. ಅವರ ಅಂಗಡಿಯಲ್ಲಿ ಇನ್ನೂರಕ್ಕೂ ಹೆಚ್ಚು ಮನೆಗಳ ಸಾಲವಿದೆ. ಹಿತೈಷಿಗಳೊಬ್ಬರು, "ಆ ಸಾಲವನ್ನೆಲ್ಲ ಮನ್ನಾ ಮಾಡಿಬಿಡಿ, ಮತಗಳು ತಾವಾಗಿ ಬರುತ್ತವೆ" ಎಂದು ಬುದ್ಧಿ ಹೇಳಿದ್ದರಂತೆ. ಮತಕ್ಕಾಗಿ ಸಾಲ ಬಿಡುವುದು ಲಂಚ. ಮತ ಕೊಡದಿದ್ದರೆ ಸಾಲ ವಸೂಲು ಮಾಡುತ್ತೇನೆಂದು ಕಣ್ಣು ಕೆಂಪಗೆ ಮಾಡುವುದು ಅನುಚಿತ ಪ್ರಭಾವ. ಎರಡನ್ನೂ ಅದೇ ಕಾಯಿದೆಯ 123ನೆಯ ಕಲಮು ಭ್ರಷ್ಟಾಚರಣೆಯೆಂದೇ ಎಣಿಸುತ್ತದೆ. ಹಾಗಾದರೆ ಏನು ಮಾಡಬೇಕು? ನಿನ್ನೆ ಹೇಗೋ ನಾಳೆಯೂ ಹಾಗೆಯೇ ಕೊಡಬೇಕು, ಕೊಳ್ಳಬೇಕು. ಸಾಲದ ಪುಸ್ತಕವನ್ನೂ ಮತದಾರರ ಪಟ್ಟಿಯನ್ನೂ ಒಂದೇ ಮೇಜಿನ ಮೇಲೆ ಇಡಕೂಡದು.

ಲೆಕ್ಕದ ವಿಷಯದಲ್ಲಿ ವರ್ತಕರಿಗೆ ನಾನು ಪಾಠ ಹೇಳಬೇಕಾಗಿಲ್ಲ. ಭಂಡಾರದ ಹಣವನ್ನು ಜಂಗಮರಿಗೆ ಸವೆಸಿದರೆಂಬ ದೂರು ಬಂದಾಗ ಬಸವಣ್ಣನವರು ಎಣಿಸಿ ನೋಡಿರೆಂದು ಭಂಡಾರವನ್ನೇ ತೆರೆದು ತೋರಿಸಿದರೆಂದು ಪುರಾಣಗಳು ಹೇಳುತ್ತವೆ. ಇಂದಿನ ಅಭ್ಯರ್ಥಿಯೂ ತೆರೆದು ತೋರಿಸಲೇಬೇಕು: ತನ್ನ, ಪತ್ನಿಯ ಹಾಗೂ ಅವಲಂಬಿತರ ಆಸ್ತಿ, ಸಾಲ, ಮೊಕದ್ದಮೆಗಳಿದ್ದರೆ ಅವುಗಳ ವಿವರ, ಎಲ್ಲವೂ ಪ್ರಮಾಣಪತ್ರದಲ್ಲಿ ಬರಬೇಕು. ಚುನಾವಣೆಯ ವೆಚ್ಚಕ್ಕೆ ಪ್ರತ್ಯೇಕ ಬ್ಯಾಂಕ್ ಖಾತೆ ಬೇಕು. ಫಲಿತಾಂಶದ 30 ದಿನಗಳೊಳಗೆ ಲೆಕ್ಕ ಒಪ್ಪಿಸಬೇಕು. ಸಕಾರಣವಿಲ್ಲದೆ ತಪ್ಪಿದವರನ್ನು ಮೂರು ವರ್ಷ ಅನರ್ಹಗೊಳಿಸುವ ಅಧಿಕಾರ ಚುನಾವಣಾ ಆಯೋಗಕ್ಕುಂಟು.

ಕೊನೆಗೆ ಅವರು ಮೊದಲು ಕೇಳಿದ ಮಾತಿಗೆ ಬಂದೆವು: ಸಮಾಜದವರಿಗೆ ನಾನು ಒಂದು ಮಾತು ಹೇಳಬೇಕೆಂಬುದು. ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಸುಮಾರು ಮೂವತ್ತು ವರ್ಷಗಳ ಹಿಂದೆ ಇಂಥದೇ ಒಂದು ಕೋರಿಕೆಗೆ ಒಪ್ಪಿ, ವೇದಿಕೆಯೇರಿ, ಅಭ್ಯರ್ಥಿಯೊಬ್ಬರನ್ನು ತೋರಿಸಿ "ಇವರು ನಮ್ಮವರು, ಕೈಬಿಡಬೇಡಿ" ಎಂದಿದ್ದೆ. ಅವರ ಗುಣವನ್ನಾಗಲಿ ಕೆಲಸವನ್ನಾಗಲಿ ನಾನು ವಿಚಾರಿಸಿರಲಿಲ್ಲ. ಮರುದಿನ ನಮ್ಮ ಬೀದಿಯ ಕುಂಬಾರರ ಮುದುಕರೊಬ್ಬರು ಎದುರಾಗಿ, ಕೋಪವಿಲ್ಲದೆಯೇ, "ಹಾಗಾದರೆ ನಾನು ಯಾರವನು, ಸ್ವಾಮೀ?" ಎಂದು ಕೇಳಿದರು. ಬಸವಣ್ಣನವರ ಯಾವ ವಚನವನ್ನು ನಾನು ನೂರಾರು ಪ್ರವಚನಗಳಲ್ಲಿ ವಿವರಿಸಿದ್ದೆನೋ ಅದೇ ವಚನ ಆ ಮುದುಕರ ರೂಪದಲ್ಲಿ ನನ್ನ ಮುಂದೆ ನಿಂತಿತ್ತು. ಉತ್ತರ ಹೊರಡಲಿಲ್ಲ. ಅವರು ಲಿಂಗೈಕ್ಯರಾದವರಲ್ಲ, ನಮ್ಮ ಮಠದ ಭಕ್ತರೂ ಅಲ್ಲ. ಆದರೂ ನನಗೆ ಆ ದಿನ ಗುರುವಾದವರು ಅವರೇ.

ಕಾನೂನು ಕೂಡ ಇದನ್ನೇ ಹೇಳುತ್ತದೆ. ಧರ್ಮ, ಜಾತಿ, ಭಾಷೆಗಳ ಹೆಸರಿನಲ್ಲಿ ಮತ ಕೇಳುವುದು ಭ್ರಷ್ಟಾಚರಣೆ. ಅಭ್ಯರ್ಥಿಯ ಜಾತಿಯಷ್ಟೇ ಅಲ್ಲ, ಮತದಾರರ ಜಾತಿಯನ್ನು ಮುಂದೊಡ್ಡಿ ಕೇಳಿದರೂ ಅದು ತಪ್ಪೆಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠವು 2017ರ ಜನವರಿಯಲ್ಲಿ ಬಹುಮತದಿಂದ ತೀರ್ಪಿತ್ತಿತು. ಅಭ್ಯರ್ಥಿಯ ಸಮ್ಮತಿಯಿಂದ ಬೇರೊಬ್ಬರು ಕೇಳಿದರೂ ದೋಷ ತಪ್ಪದು. ಗೆದ್ದ ಸ್ಥಾನವೇ ಹೋದೀತು. ಆದ್ದರಿಂದ ನಾನು ಆ ವರ್ತಕರಿಗೆ, "ನಿಮ್ಮ ತೂಕವನ್ನು ಊರಿನ ಎಲ್ಲ ಕೇರಿಗಳೂ ಬಲ್ಲವು. ಆ ಪರಿಚಯ ಸಾಲದೆಂದಾದರೆ ನನ್ನ ಮಾತೂ ಸಾಲದು" ಎಂದೆ. ಅವರ ಮುಖ ಸಣ್ಣದಾಯಿತು. ಪ್ರಸಾದ ಸ್ವೀಕರಿಸಿ ಹೊರಟುಹೋದರು. ನೋಯಿಸಿದೆನೇನೋ ಎಂಬ ಅಳುಕು ಕೆಲವು ದಿನ ನನ್ನನ್ನು ಬಿಡಲಿಲ್ಲ.

ಹದಿನೈದು ದಿನಗಳ ಮೇಲೆ ದಂಪತಿಗಳು ಮತ್ತೆ ಬಂದರು. ಅಂಗಡಿಯನ್ನು ಒತ್ತೆಯಿಡುವುದಿಲ್ಲವೆಂದು ತೀರ್ಮಾನವಾಗಿತ್ತು. ವಿದ್ಯಾರ್ಥಿನಿಲಯದ ಕರಾರು ಮುಗಿದ ಮೇಲೆ ಅದನ್ನು ನವೀಕರಿಸುವುದಿಲ್ಲ. ಉಳಿತಾಯದ ಹಣದಲ್ಲಿ ಮಗಳ ಓದಿಗೆಂದು ಬೇರೆ ತೆಗೆದಿಟ್ಟು ಉಳಿದಷ್ಟರಲ್ಲಿಯೇ ಚುನಾವಣೆ. ಹೊಸ ಲೆಕ್ಕದ ಪುಸ್ತಕವೊಂದು ಆ ತಾಯಿಯ ಕೈಯಲ್ಲಿತ್ತು. ಮೊದಲ ಪುಟ ಇನ್ನೂ ಖಾಲಿ. "ಸೋತರೆ?" ಎಂದು ಕೇಳಿದೆ. "ಮರುದಿನ ಬೆಳಿಗ್ಗೆ ಆರು ಗಂಟೆಗೆ ಅಂಗಡಿ ತೆರೆಯುತ್ತೇವೆ" ಎಂದು ಉತ್ತರ ಕೊಟ್ಟವರು ಅವರೇ, ಯಜಮಾನರು ನಕ್ಕರು.

ನನ್ನ ಮತ ಯಾರಿಗೆಂದು ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ. ಶರಣು ಶರಣಾರ್ಥಿ.