ಗೋಡೆಪತ್ರಿಕೆಯ ಮೇಲೆ ಬಂದ ದೂರು

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ನಾಲ್ಕು ತಾಲ್ಲೂಕುಗಳಲ್ಲಿಯೇ ನಮ್ಮ ಉಪಾಧ್ಯಾಯವೃತ್ತಿಯ ಬಹುಭಾಗವು ಕಳೆಯಿತು. ನಿವೃತ್ತರಾದ ಮೇಲೂ ಹಳೆಯ ಶಿಷ್ಯರು ನಮ್ಮನ್ನು ಮರೆತಿಲ್ಲವೆಂಬುದು ನಮ್ಮ ಭಾಗ್ಯ. ಕಳೆದ ಶ್ರಾವಣದಲ್ಲಿ ಇವುಗಳಲ್ಲೊಂದು ಊರಿನ ಕಾಲೇಜಿನ ಪ್ರಾಂಶುಪಾಲರು, ಅಂದರೆ ನಮ್ಮ ಬಳಿಯೇ ರಾಮಶಬ್ದವನ್ನು ಕಲಿತವರು, ದೂರವಾಣಿಯಲ್ಲಿ, "ಮೇಷ್ಟ್ರೇ, ತಾವು ಒಂದು ಗಳಿಗೆ ಬಂದುಹೋಗಬೇಕು. ಹುಡುಗರ ಪತ್ರಿಕೆಯ ಮೇಲೆ ದೂರು ಬಂದಿದೆ" ಎಂದರು. ಕಾಲೇಜು ಯಾವುದೆಂದು ವಾಚಕರು ಕೇಳಬಾರದು. ಹೆಸರು ತಿಳಿದೊಡನೆ ವಿಷಯವನ್ನು ಬಿಟ್ಟು ಹೆಸರನ್ನೇ ಹಿಡಿದು ಮಾತನಾಡುವುದು ನಮ್ಮ ಜನರ ಸ್ವಭಾವ.

ಆ ಪತ್ರಿಕೆಯು ಅಚ್ಚಾದುದಲ್ಲ. ಗ್ರಂಥಾಲಯದ ಹೊರಗೋಡೆಯ ಹಲಗೆಯ ಮೇಲೆ ವಿದ್ಯಾರ್ಥಿಗಳು ಹದಿನೈದು ದಿನಗಳಿಗೊಮ್ಮೆ ತಮ್ಮ ಕೈಬರಹದ ಹಾಳೆಗಳನ್ನು ಅಂಟಿಸುವರು. ಕವಿತೆ, ಹಾಸ್ಯ, ಊರಿನ ಸಮಾಚಾರ, ಪರೀಕ್ಷೆಯ ಗೋಳು ಎಲ್ಲವೂ ಅದರಲ್ಲುಂಟು. ಇಂತಹ ಬರವಣಿಗೆಯನ್ನು ಹುಡುಗಾಟವೆಂದು ತಳ್ಳಿಹಾಕತಕ್ಕದ್ದಲ್ಲ. ೧೯೧೯ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘದಿಂದ ಎ. ಆರ್. ಕೃಷ್ಣಶಾಸ್ತ್ರಿಗಳು ಹೊರಡಿಸಿದ 'ಪ್ರಬುದ್ಧ ಕರ್ಣಾಟಕ'ವೂ ಕಾಲೇಜಿನ ಅಂಗಳದಲ್ಲಿ ಹುಟ್ಟಿದ ಕೂಸೇ. ಮುಂದೆ ಅದು ಮೈಸೂರು ವಿಶ್ವವಿದ್ಯಾನಿಲಯದ ಪತ್ರಿಕೆಯಾಗಿ ಬೆಳೆಯಿತು.

ನಾವು ಹೋಗುವಷ್ಟರಲ್ಲಿ ಹಲಗೆಯು ಬರಿದಾಗಿತ್ತು. ಹಾಳೆಯು ಪ್ರಾಂಶುಪಾಲರ ಮೇಜಿನ ಖಾನೆಯನ್ನು ಸೇರಿತ್ತು. ಎದುರಿಗೆ ದೂರುಕೊಟ್ಟ ಯಜಮಾನರು, ಅವರ ಅಕ್ಕಪಕ್ಕದಲ್ಲಿ ಊರಿನ ಇಬ್ಬರು ಪ್ರಮುಖರು. ಬಾಗಿಲ ಬಳಿ ತಲೆತಗ್ಗಿಸಿ ನಿಂತ, ಎರಡನೆಯ ವರ್ಷದ ತರಗತಿಯಲ್ಲಿ ಓದುವ ಒಬ್ಬ ಹೆಣ್ಣುಮಗಳು.

ಸಂಗತಿಯು ಹೀಗಿದ್ದಿತು. ಈ ಭಾಗದಲ್ಲಿ ಆಷಾಢ ಶ್ರಾವಣಗಳೆಂದರೆ ಹೊಗೆಸೊಪ್ಪಿನ ಕಾಲ. ಎಲೆ ಮುರಿಯುವುದು, ಕೋಲುಗಳಿಗೆ ಕಟ್ಟುವುದು, ಬ್ಯಾರನ್ನಿಗೆ ಏರಿಸಿ ಹಗಲಿರುಳೂ ಬೆಂಕಿಯನ್ನು ಕಾಯುವುದು, ಇವುಗಳಲ್ಲಿ ಮನೆಮಂದಿಯೆಲ್ಲರ ಕೈಗೂ ಬಿಡುವಿಲ್ಲ. ಈ ತಿಂಗಳುಗಳಲ್ಲಿ ಹಾಜರಿ ಪುಸ್ತಕವನ್ನು ತೆರೆದ ಉಪಾಧ್ಯಾಯರೆಲ್ಲರೂ ಬಲ್ಲ ವಿಷಯವನ್ನೇ ಆ ಹುಡುಗಿ ಬರೆದಿದ್ದಳು. ತನ್ನೂರಿನ ಶಾಲೆಯ ಎಂಟನೆಯ ತರಗತಿಯಲ್ಲಿ ಹನ್ನೊಂದು ಮಕ್ಕಳು ಗೈರುಹಾಜರಾಗಿದ್ದಾರೆ, ಅವರು ಇಂಥ ದೊಡ್ಡಮನೆಯ ಅಂಗಳದಲ್ಲಿ ಸೊಪ್ಪು ಕಟ್ಟುತ್ತಿದ್ದಾರೆ, ಅವರಿಗೆ ಕೂಲಿಯಿಲ್ಲ, ರಾತ್ರಿ ಬ್ಯಾರನ್ನಿನ ಮುಂದೆಯೂ ಕೂಡಿಸುತ್ತಾರೆ ಎಂಬುದಾಗಿ. ಹೆಸರನ್ನು ಬರೆದಿರಲಿಲ್ಲ, ನಿಜ. ಆದರೆ ಆ ಊರಿನಲ್ಲಿ ದೊಡ್ಡಮನೆಯೆಂಬುದು ಒಂದೇ.

"ಇದು ಮಾನಹಾನಿ. ನ್ಯಾಯಾಲಯಕ್ಕೆ ಹೋಗುತ್ತೇವೆ. ಆ ಪತ್ರಿಕೆಯೇ ನಿಲ್ಲಬೇಕು" ಎಂದರು ಯಜಮಾನರು.

"ಸ್ವಾಮಿ, ಯಾವ ವಾಕ್ಯವು ಸುಳ್ಳು?" ಎಂದು ನಾವು ಕೇಳಿದೆವು.

ಅವರು ಸುಮ್ಮನಾದರು. ವಿಚಾರಿಸಲಾಗಿ, ಅವರು ಹಾಳೆಯನ್ನು ಓದಿಯೇ ಇರಲಿಲ್ಲ. ಮೊಮ್ಮಗನು ಮೊಬೈಲಿನಲ್ಲಿ ತೋರಿಸಿದ ಚಿತ್ರವನ್ನು ನೋಡಿ, ನೆಂಟರು ನಕ್ಕುದನ್ನು ಕೇಳಿ ಹೊರಟುಬಂದಿದ್ದರು. ನಮ್ಮ ಅನುಭವದಲ್ಲಿ ದೂರುಗಳೊಳಗೆ ಅರ್ಧವು ಇಂತಹವೇ. ನ್ಯಾಯಶಾಸ್ತ್ರದವರು ಚರ್ಚೆಯನ್ನು ವಾದ, ಜಲ್ಪ, ವಿತಂಡಾ ಎಂದು ಮೂರು ಬಗೆಯಾಗಿ ವಿಭಾಗಿಸಿರುವರು. ಸತ್ಯವನ್ನು ತಿಳಿಯಲೆಂದು ನಡೆಸುವುದು ವಾದ. ಗೆಲ್ಲಲೆಂದು ನಡೆಸುವುದು ಜಲ್ಪ. ತನ್ನದೆಂಬ ಪಕ್ಷವೇ ಇಲ್ಲದೆ ಎದುರಾಳಿಯದನ್ನು ಕೆಡಹುವುದು ಮಾತ್ರವೇ ವಿತಂಡಾ. ಬಂದ ದೂರು ಯಾವುದೆಂದು ತಿಳಿಯಬೇಕಾದರೆ, ಬರೆದುದನ್ನು ದೂರುಕೊಟ್ಟವರ ಮುಂದೆಯೇ ಗಟ್ಟಿಯಾಗಿ ಓದಿಸಬೇಕು. ನಾವು ಓದಿದೆವು.

ಓದಿದಮೇಲೆ ದೂರಿಗೆ ರೂಪವು ಬಂದಿತು. ಹನ್ನೊಂದು ಎಂಬ ಸಂಖ್ಯೆ ತಪ್ಪೆಂದು ಯಜಮಾನರು ವಾದಿಸಿದರು. ಆ ಶಾಲೆಯ ಮುಖ್ಯೋಪಾಧ್ಯಾಯರನ್ನು ವಿಚಾರಿಸಿದಾಗ ಆ ದಿನ ಬಾರದಿದ್ದವರು ಏಳು ಮಂದಿ, ಅವರಲ್ಲಿ ಇಬ್ಬರಿಗೆ ಜ್ವರ ಎಂದು ತಿಳಿದುಬಂದಿತು. ಕೂಲಿಯನ್ನು ತಾಯಂದಿರ ಕೈಗೆ ಕೊಟ್ಟಿರುವುದಾಗಿ ಅವರು ಹೇಳಿದರು. ಅದೂ ನಿಜವೇ ಆಗಿತ್ತು. ರಾತ್ರಿಯ ವಿಚಾರ ಬಂದಾಗ ಮಾತ್ರ ಅವರ ಧ್ವನಿಯು ಇಳಿಯಿತು. "ಸೊಪ್ಪು ಮಾಗಿದ ಮೇಲೆ ಕಾಯುವುದಿಲ್ಲ ಸ್ವಾಮಿ. ಆಳು ಸಿಕ್ಕುವುದಿಲ್ಲ. ಬೆಂಕಿ ಒಂದು ಗಳಿಗೆ ಹೆಚ್ಚುಕಡಿಮೆಯಾದರೆ ಇಡೀ ಬ್ಯಾರನ್ ಹಾಳು" ಎಂದರು. ಹದಿನಾಲ್ಕು ತುಂಬದ ಮಕ್ಕಳನ್ನು ದುಡಿಸಬಾರದೆಂದು ೨೦೧೬ರ ತಿದ್ದುಪಡಿಯು ವಿಧಿಸಿರುವುದು ಅವರಿಗೆ ತಿಳಿಯದ ಸಂಗತಿಯಲ್ಲ.

ಹುಡುಗಿಯನ್ನು, "ಏನಮ್ಮ, ಬರೆಯುವ ಮೊದಲು ಇವರನ್ನು ಒಂದು ಮಾತು ಕೇಳಿದೆಯಾ?" ಎಂದೆವು.

"ಇಲ್ಲ ಸಾರ್. ಹೆದರಿಕೆಯಾಯಿತು."

ಈ ಉತ್ತರವು ನಮಗೆ ಬಹಳ ಹೊತ್ತು ಕಾಡಿತು. ಕೇಳದೆ ಬರೆದುದು ಅವಳ ತಪ್ಪು. ಕೇಳಲು ಹೆದರುವಂತೆ ಊರನ್ನು ಇಟ್ಟುಕೊಂಡಿರುವುದು ಯಾರ ತಪ್ಪು?

ಇಲ್ಲಿ ಕಾನೂನಿನ ಮಾತನ್ನು ಸ್ವಲ್ಪ ಹೇಳಬೇಕು. ಮಕ್ಕಳನ್ನು ಕಾಲೇಜಿಗೆ ಕಳುಹಿಸಿರುವ ತಾಯಿತಂದೆಗಳಿಗೆ ಇದು ತಿಳಿದಿರುವುದು ಒಳ್ಳೆಯದು. ನಮ್ಮ ಸಂವಿಧಾನದ ೧೯ನೆಯ ವಿಧಿಯು ಮಾತಿನ ಸ್ವಾತಂತ್ರ್ಯವನ್ನು ಕೊಟ್ಟು, ಮಾನಹಾನಿಯೇ ಮೊದಲಾದ ಕಾರಣಗಳಿಗಾಗಿ ನ್ಯಾಯವಾದ ನಿರ್ಬಂಧಕ್ಕೆ ಎಡೆಮಾಡಿದೆ. ೨೦೨೪ರ ಜುಲೈ ೧ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ೩೫೬ನೆಯ ಪ್ರಕರಣದಲ್ಲಿ ಮಾನಹಾನಿಯ ಲಕ್ಷಣವಿದೆ. ಸತ್ಯವಾದುದನ್ನು ಲೋಕಹಿತಕ್ಕಾಗಿ ಹೇಳಿದರೆ ಅದು ಅಪರಾಧವಲ್ಲವೆಂದೂ ಅಲ್ಲಿಯೇ ಹೇಳಿದೆ. ಅಚ್ಚಾಗುವ ಪತ್ರಿಕೆಗಳ ಮೇಲಿನ ದೂರುಗಳಿಗೆ ೧೯೭೮ರ ಕಾಯಿದೆಯ ಪತ್ರಿಕಾ ಮಂಡಲಿಯ ಕ್ರಮವೊಂದುಂಟು. ದೂರುಕೊಡುವವನು ಮೊದಲು ಸಂಪಾದಕನಿಗೆ ಬರೆದು ಅವನ ಗಮನವನ್ನು ಸೆಳೆದಿರಬೇಕು; ಅದಾದ ಮೇಲೆಯೇ ಮಂಡಲಿಯ ಬಾಗಿಲು. ಕೈಬರಹದ ಗೋಡೆಪತ್ರಿಕೆಗೆ ಆ ಮಂಡಲಿಯ ಗೊಡವೆಯಿಲ್ಲದಿದ್ದರೂ ಈ ಕ್ರಮವನ್ನು ಅನುಸರಿಸಲು ಅಡ್ಡಿಯೇನು? ನಮ್ಮಲ್ಲಿ ದೂರು ಸಂಪಾದಕನಾದ ಹುಡುಗನಿಗೆ ತಲಪುವುದೇ ಇಲ್ಲ. ನೇರವಾಗಿ ಪ್ರಾಂಶುಪಾಲರ ಬಳಿಗೆ, ಅಲ್ಲಿಂದ ಶಾಸಕರ ಬಳಿಗೆ ಹೋಗುತ್ತದೆ.

ಅಮೆರಿಕದಲ್ಲಿಯೂ ಈ ಜಗಳವು ಮುಗಿದಿಲ್ಲ. ಅಲ್ಲಿ ಊರವರ ಮಕ್ಕಳು ಎರಡು ವರ್ಷ ಓದುವ ಕಮ್ಯೂನಿಟಿ ಕಾಲೇಜುಗಳೆಂಬುವಿವೆ. ನಮ್ಮ ತಾಲ್ಲೂಕಿನ ಕಾಲೇಜುಗಳಿಗೆ ಅವು ದೂರದ ದಾಯಾದಿಗಳೆನ್ನಬಹುದು. ವಿದ್ಯಾರ್ಥಿಗಳು ಶಾಲೆಯ ಬಾಗಿಲಲ್ಲಿ ತಮ್ಮ ಮಾತಿನ ಹಕ್ಕನ್ನು ಕಳಚಿಟ್ಟು ಬರುವುದಿಲ್ಲವೆಂದು ೧೯೬೯ರಲ್ಲಿ ಟಿಂಕರ್ ಮೊಕದ್ದಮೆಯಲ್ಲಿ ಆ ದೇಶದ ಪರಮೋಚ್ಚ ನ್ಯಾಯಾಲಯವು ತೀರ್ಪಿತ್ತಿತು. ಅದೇ ನ್ಯಾಯಾಲಯವು ೧೯೮೮ರಲ್ಲಿ ಹೇಜಲ್‌ವುಡ್ ಪ್ರೌಢಶಾಲೆಯ ಪತ್ರಿಕೆಯಿಂದ ಎರಡು ಪುಟಗಳನ್ನು ತೆಗೆದುಹಾಕಿದ ಮುಖ್ಯೋಪಾಧ್ಯಾಯನ ಪಕ್ಷವನ್ನು ಹಿಡಿಯಿತು. ದೊಡ್ಡ ನ್ಯಾಯಾಧೀಶರಿಗೇ ಇಷ್ಟು ತೊಡಕೆಂದಮೇಲೆ ನಮ್ಮ ಪ್ರಾಂಶುಪಾಲರು ಹಾಳೆಯನ್ನು ಖಾನೆಯಲ್ಲಿಟ್ಟುದಕ್ಕೆ ಅವರನ್ನು ಹೆಚ್ಚು ಬಯ್ಯಲಾರೆವು.

ಬಯ್ಯಲು ನಮಗೆ ಅಧಿಕಾರವೂ ಇಲ್ಲ. ೧೯೯೪ರಲ್ಲಿ ನಾವು ಕೆಲಸದಲ್ಲಿದ್ದ ಶಾಲೆಯೊಂದರ ಕೈಬರಹದ ಪತ್ರಿಕೆಯಲ್ಲಿ ಒಬ್ಬ ಹುಡುಗನು ಉಪಾಧ್ಯಾಯರ ಬೆತ್ತದ ವಿಚಾರವನ್ನು ಬರೆದಿದ್ದನು. ಯಾರೋ ದೊಡ್ಡವರು ಹುಬ್ಬು ಗಂಟಿಕ್ಕಿದರು. ನಾವು ಆ ಪುಟಕ್ಕೆ ಮಸಿ ಬಳಿದೆವು. ಹುಡುಗನು ಅಳಲಿಲ್ಲ, ವಾದಿಸಲಿಲ್ಲ. ಮತ್ತೆಂದೂ ಬರೆಯಲೂ ಇಲ್ಲ. ಅನೇಕ ವರ್ಷಗಳ ತರುವಾಯ ಕೃಷ್ಣರಾಜನಗರದ ಬಸ್ ನಿಲ್ದಾಣದಲ್ಲಿ ಅವನೇ ಗುರುತು ಹಿಡಿದು ನಮಸ್ಕರಿಸಿದನು. ಹೆಂಡತಿಗೆ ನಮ್ಮನ್ನು ಪರಿಚಯಿಸುತ್ತ, "ನನ್ನ ಪುಟಕ್ಕೆ ಮಸಿ ಬಳಿದ ಮೇಷ್ಟ್ರು ಇವರೇ" ಎಂದು ನಕ್ಕನು. ಆ ನಗೆಯಲ್ಲಿ ಕಹಿಯಿರಲಿಲ್ಲ. ಇದ್ದಿದ್ದರೆ ನಮಗೆ ಸ್ವಲ್ಪ ಹಗುರವಾಗುತ್ತಿತ್ತು.

೧೯೦೮ರಲ್ಲಿ ಮೈಸೂರು ಸರ್ಕಾರದವರು ಅಪ್ಪಣೆಯಿಲ್ಲದೆ ಪತ್ರಿಕೆ ನಡೆಸಕೂಡದೆಂದು ಶಾಸನವನ್ನು ಮಾಡಿದಾಗ, ಸ್ವತಃ ಉಪಾಧ್ಯಾಯರಾಗಿದ್ದ ತಾತಯ್ಯ ವೆಂಕಟಕೃಷ್ಣಯ್ಯನವರು ಅದನ್ನು ಒಪ್ಪದೆ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು. ಈ ಕಥೆಯನ್ನು ನಾವು ತರಗತಿಗಳಲ್ಲಿ ಎಷ್ಟು ಸಲ ಹೇಳಿದ್ದೆವೋ! ಮಸಿ ಬಳಿದ ವರ್ಷವೂ ಹೇಳಿದ್ದಿರಬೇಕು.

ಆದುದರಿಂದ ಆ ದಿನ ನಾವು ಪ್ರಾಂಶುಪಾಲರಿಗೆ ಕೊಟ್ಟ ಸಲಹೆಯು ಇಷ್ಟೇ: ಹಾಳೆಯು ಮೊದಲಿದ್ದ ಸ್ಥಳದಲ್ಲಿಯೇ ಮತ್ತೆ ಏರಬೇಕು. ಅದರ ಪಕ್ಕದಲ್ಲಿ, ಅದೇ ಅಳತೆಯ ಅಕ್ಷರಗಳಲ್ಲಿ, ಸಂಖ್ಯೆ ಮತ್ತು ಕೂಲಿಯ ವಿಚಾರಗಳು ತಪ್ಪೆಂದು ಹುಡುಗಿಯೇ ತಿದ್ದುಪಡಿಯನ್ನು ಬರೆಯಬೇಕು. ಯಜಮಾನರು ಹೇಳುವುದನ್ನು ಅವರ ಮಾತಿನಲ್ಲಿಯೇ ಅಂಟಿಸಬೇಕು. ರಾತ್ರಿಯ ವಾಕ್ಯವು ನಿಜವಾದುದರಿಂದ ಅದನ್ನು ಮುಟ್ಟಕೂಡದು. ಜೊತೆಯಲ್ಲಿ ಬಂದಿದ್ದ ಪ್ರಮುಖರಿಗೆ ಇದು ರುಚಿಸಲಿಲ್ಲ. ಯಜಮಾನರು ಮಾತ್ರ ಸ್ವಲ್ಪ ಯೋಚಿಸಿ, "ನಾನು ಹೇಳಿದ್ದನ್ನು ಇದ್ದ ಹಾಗೆಯೇ ಹಾಕುತ್ತೀರಾ?" ಎಂದು ಕೇಳಿ, ಕುಳಿತಲ್ಲಿಯೇ ಹೇಳಿ ಬರೆಸಿದರು. ಆಳು ಸಿಕ್ಕದ ಕಷ್ಟ, ಸೌದೆಯ ಬೆಲೆ, ಹರಾಜಿನ ಕಟ್ಟೆಯಲ್ಲಿ ದರವು ಏರಿಳಿಯುವ ಸಂಕಟ ಎಲ್ಲವೂ ಅದರಲ್ಲಿ ಬಂದವು. ನಿಜಕ್ಕೂ ಹುಡುಗಿಯ ಬರಹಕ್ಕಿಂತ ಅದೇ ಹೆಚ್ಚು ಓದಿಸಿಕೊಳ್ಳುವಂತಿತ್ತು. ಆ ಪಕ್ಷದಲ್ಲಿ ಹಲಗೆಯ ಮುಂದೆ ಹಿಂದೆಂದೂ ಸೇರದಷ್ಟು ಜನ ಸೇರಿದರೆಂದು ಕೇಳಿದೆವು.

ಇಲ್ಲಿಗೆ ಎಲ್ಲವೂ ಸುಖಾಂತವಾಯಿತೆಂದು ಬರೆಯಲು ಮನಸ್ಸು ಬರುತ್ತದೆ. ಆದರೆ ಅಂದು ಸಂಜೆ ಹುಡುಗಿಯ ತಂದೆಯು ನಮ್ಮನ್ನು ಹುಡುಕಿಕೊಂಡು ಬಂದನು. ಆತನೂ ಒಂದೆಕರೆಯಲ್ಲಿ ಸೊಪ್ಪು ಹಾಕಿರುವವನು. ಸೌದೆಗೆ ಸಾಲವು ದೊಡ್ಡಮನೆಯದೇ. "ನನ್ನ ಮಗಳು ಬರೆದದ್ದು ಸುಳ್ಳಲ್ಲ ಬುದ್ಧಿ. ಆದರೆ ಮುಂದಿನ ಬ್ಯಾರನ್ನಿಗೆ ನಾನು ಯಾರ ಮನೆಗೆ ಹೋಗಲಿ?" ಎಂದನು. ನಮ್ಮಲ್ಲಿ ಉತ್ತರವಿರಲಿಲ್ಲ. ಮರುದಿನ ಪ್ರಾಂಶುಪಾಲರೊಡನೆ ಯಜಮಾನರ ಮನೆಗೇ ಹೋಗಿ, ಕಾಫಿ ಕುಡಿದು, ಈ ಸಂಗತಿಯನ್ನು ನೇರವಾಗಿಯೇ ಹೇಳಿದೆವು. ಅವರು ಮುಖವನ್ನು ತಿರುಗಿಸಿ, "ಸಾಲಕ್ಕೂ ಅದಕ್ಕೂ ಏನು ಸಂಬಂಧ?" ಎಂದರು. ಮಾತನ್ನು ನಡೆಸಿಯೂ ಕೊಟ್ಟರು. ಸೌದೆಯ ಗಾಡಿ ಬಂದಿತೆಂದು ಆತನು ತಿಳಿಸಿದನು.

ಭಾದ್ರಪದ, ಆಶ್ವಯುಜಗಳ ಹಾಳೆಗಳಲ್ಲಿ ಆ ಹುಡುಗಿಯ ಹೆಸರಿರಲಿಲ್ಲ. ನಾವು ಕೇಳಿಸಿದಾಗ, ಓದು ಹೆಚ್ಚಾಗಿದೆಯೆಂದಳಂತೆ. ಕಾರ್ತಿಕದಲ್ಲಿ ಪ್ರಾಂಶುಪಾಲರು ಒಂದು ಹಾಳೆಯ ಚಿತ್ರವನ್ನು ಕಳುಹಿಸಿದರು. ತನ್ನೂರಿನ ಸಂಜೆಯ ಬಸ್ಸು ಬಾರದ ವಿಚಾರವನ್ನು ಕುರಿತು ಅವಳು ಬರೆದಿದ್ದಳು. ಕೆಳಗೆ ಸಣ್ಣ ಅಕ್ಷರಗಳಲ್ಲಿ, ಬಸ್ ಡಿಪೋದಲ್ಲಿ ವಿಚಾರಿಸಿದ ದಿನ, ಗಂಟೆ, ಅಲ್ಲಿ ಕೊಟ್ಟ ಉತ್ತರ.