ನೋಡೋ ಹೂವಿಗೂ ಬೆಲೆ ಇದೆ, ಆದ್ರೆ ಒಬ್ಬನಿಂದ ಆಗಲ್ಲ

ಶಿಕಾಗೋದಲ್ಲಿರೋ ಮಗಳ ಮನೆಗೆ ಹೋಗಿದ್ದಾಗ ಮೇ ತಿಂಗಳ ಒಂದು ಶನಿವಾರ ಹಾಲೆಂಡ್‌ಗೆ ಕರ್ಕೊಂಡು ಹೋದ್ರು. ದೇಶ ಅಲ್ಲ, ಮಿಶಿಗನ್ ರಾಜ್ಯದ ಒಂದು ಊರು. 1847ರಲ್ಲಿ ನೆದರ್ಲೆಂಡ್ಸ್‌ನಿಂದ ಬಂದವರು ಕಟ್ಟಿದ್ದು. ಬೆಳಿಗ್ಗೆ ಹೊರಟು ರಾತ್ರಿ ವಾಪಸ್.

ಬೀದಿ ಬೀದಿಯಲ್ಲೂ ಟ್ಯೂಲಿಪ್ ಸಾಲು. 1927ರಲ್ಲಿ ಲಿಡಾ ರೋಜರ್ಸ್ ಅನ್ನೋ ಜೀವಶಾಸ್ತ್ರದ ಟೀಚರಮ್ಮ ಊರೆಲ್ಲ ಈ ಹೂ ಹಾಕೋಣ ಅಂದ್ರಂತೆ. ಮಾರನೇ ವರ್ಷ ನಗರಾಡಳಿತ ಒಂದು ಲಕ್ಷ ಗೆಡ್ಡೆ ತರಿಸಿ ನೆಡಿಸಿತು. 1929ರಲ್ಲಿ ಅರಳಿದಾಗ ಶುರುವಾದ ಹಬ್ಬ ಇವತ್ತಿಗೂ ನಡೀತಿದೆ. ಬಂದ ಜನ ಟಿಕೆಟ್ ತಗೋತಾರೆ, ಊಟ ಮಾಡ್ತಾರೆ, ಗೆಡ್ಡೆಗೆ ಆರ್ಡರ್ ಕೊಟ್ಟು ಹೋಗ್ತಾರೆ.

ನಮ್ಮಲ್ಲಿ ಟ್ಯೂಲಿಪ್ ಹಾಕಬಹುದಾ ಅಂತ ಕೇಳಬೇಡಿ. ಆ ಗೆಡ್ಡೆ ಚಳಿಗಾಲಕ್ಕೆ ಮುಂಚೆ ಮಣ್ಣಿಗೆ ಬಿದ್ದು, ಮೂರ್ನಾಲ್ಕು ತಿಂಗಳು ಗಡಗಡ ಚಳಿ ಉಂಡರೇನೇ ಹೂ ಬಿಡೋದು. ಗುಂಡ್ಲುಪೇಟೆ ಬಿಸಿಲಿಗೆ ಅದು ಬೆಳೆಯಲ್ಲ, ಖರ್ಚು ಅಷ್ಟೆ.

ನನಗೆ ಹೊಟ್ಟೆ ಉರಿದಿದ್ದು ಬೇರೆ ವಿಷಯಕ್ಕೆ. ಅಷ್ಟು ಜನರಲ್ಲಿ ಒಬ್ಬನೂ ಸಾಲಿನೊಳಗೆ ಕಾಲಿಡಲಿಲ್ಲ. ನಡೆಯೋಕೆ ದಾರಿ ಬಿಟ್ಟಿದ್ದಾರೆ, ಗಾಡಿಗೆ ಜಾಗ ಇದೆ. ನಮ್ಮ ಹೈವೇ ಪಕ್ಕ ಸೂರ್ಯಕಾಂತಿ, ಚೆಂಡು ಹೂ ಅರಳಿದಾಗ ಏನಾಗುತ್ತೆ ನಿಮಗೇ ಗೊತ್ತು. ಕಾರು ನಿಲ್ಲಿಸ್ತಾರೆ, ಫೋಟೋಗೆ ನುಗ್ತಾರೆ. ಹೋದ ವರ್ಷ ನನ್ನ ಹೊಲದಲ್ಲಿ ರಸ್ತೆ ಕಡೆಯ ಮೂರು ಸಾಲು ನೆಲಕ್ಕೆ ಮಲಗಿತ್ತು. ದುಡ್ಡು ಕೇಳಿದ್ರೆ "ಹೂ ನೋಡೋಕೂ ಕಾಸಾ?" ಅಂತ ಜಗಳ, ಪಕ್ಕದ ಹೊಲಕ್ಕೆ ಹೋಗ್ತಾರೆ.

ಚೆಂಡು ಹೂ ನಮಗೆ ಕೆಜಿ ಲೆಕ್ಕದ ಬೆಳೆ, ನೋಡೋಕೆ ಬೆಳೆದಿದ್ದಲ್ಲ, ಒಪ್ತೀನಿ. ಆದ್ರೆ ನೋಡೋರು ಹೇಗೂ ಬರ್ತಾರಲ್ಲ? ನಾನೊಬ್ಬನೇ ಕೇಳಿದ್ರೆ ದುರಾಸೆ, ಊರೇ ಕೇಳಿದ್ರೆ ಪದ್ಧತಿ.

ನನ್ನ ಮಾತು ಇಷ್ಟೆ: ರಸ್ತೆ ಪಕ್ಕದ ಏಳೆಂಟು ಜನ ಬಿತ್ತನೆಗೆ ಮುಂಚೆಯೇ ಕೂತು ಮಾತಾಡೋಣ. ಒಬ್ಬರ ಹೊಲದಲ್ಲಿ ದಾರಿ ಬಿಡೋಣ, ಎಲ್ಲರದ್ದೂ ಒಂದೇ ರೇಟು, ಬಂದಿದ್ದು ಹಂಚಿಕೆ. ಮಿಕ್ಕ ಹೊಲಗಳಿಗೆ ಹಗ್ಗ ಕಟ್ಟೋಣ. ಒಂದು ಹಂಗಾಮು ನೋಡೋಣ, ಗಿಟ್ಟಲಿಲ್ಲ ಅಂದ್ರೆ ಬಿಡೋಣ. ದಾರಿಗೆ ಮೊದಲ ವರ್ಷ ನನ್ನ ಹೊಲದಲ್ಲೇ ಜಾಗ ಕೊಡ್ತೀನಿ. ಯಾರ್ಯಾರು ಬರ್ತೀರಾ ಹೇಳಿ.